ವಯಸ್ಸಾದೋರ ಜೊತೆ ಕೂತು ಊಟ ಮಾಡೋರು ಬೇಕು

"ವಯಸ್ಸಾಯ್ತಲ್ಲ, ಸೊರಗೋದು ಸಹಜ ಬಿಡಿ" ಅಂತ ಎಲ್ರೂ ಸಲೀಸಾಗಿ ಅಂದ್ಬಿಡ್ತಾರೆ, ಈ ಮಾತು ಕೇಳಿದ್ರೇ ನಂಗೆ ಸಂಕಟ ಆಗುತ್ತೆ. ವಯಸ್ಸಾದ್ಮೇಲೆ ಹಸಿವು ತಗ್ಗುತ್ತೆ, ರುಚಿ ವಾಸನೆ ಮಂಕಾಗುತ್ತೆ, ಕೆಲವು ಮಾತ್ರೆಗಳಿಂದ ಬಾಯಿ ಒಣಗುತ್ತೆ, ಎಲ್ಲಾ ನಿಜ. ಆದ್ರೆ ಡಯಟ್ ಗಿಯಟ್ ಏನೂ ಮಾಡದೇನೇ ಮೂರರಿಂದ ಆರು ತಿಂಗಳಲ್ಲಿ ತೂಕ 5% ಇಳಿದ್ರೆ, ಅಂದ್ರೆ 60 ಕೆಜಿ ಇದ್ದೋರು 57ಕ್ಕೆ ಬಂದ್ರೆ, ಅದನ್ನ ವಯಸ್ಸಿನ ಮೇಲೆ ಹಾಕಿ ಸುಮ್ನಿರಬಾರ್ದು, ಡಾಕ್ಟರಿಗೆ ತೋರಿಸ್ಬೇಕು.

ದೂರದಲ್ಲಿರೋ ಮಕ್ಕಳು ಫೋನ್ ಮಾಡಿ "ಊಟ ಆಯ್ತಾ" ಅಂತಾರೆ, ಆ ಕಡೆಯಿಂದ "ಆಯ್ತು" ಅಂತ ಬರುತ್ತೆ, ಅಲ್ಲಿಗೆ ಮುಗೀತು. ಏನು ತಿಂದ್ರು, ಎಷ್ಟು ತಿಂದ್ರು ಅನ್ನೋದು ಫೋನಲ್ಲಿ ಕಾಣಲ್ಲ. ಕಾಣೋದು ಅಕ್ಕಪಕ್ಕದೋರಿಗೆ. ಬೆರಳಲ್ಲಿ ಉಂಗುರ ನಿಲ್ತಿಲ್ಲ, ಬೆಲ್ಟಿಗೆ ಹೊಸ ತೂತು ಬಿದ್ದಿದೆ, ಮಾತಾಡುವಾಗ ಹಲ್ಲಿನ ಸೆಟ್ಟು ಅಲ್ಲಾಡ್ತಿದೆ. ಈ ಹಲ್ಲಿನ ಸೆಟ್ಟಿನ ವಿಷಯ ಚಿಕ್ಕದಲ್ಲ ನೋಡಿ, ತೂಕ ಇಳಿದಾಗ ಸೆಟ್ಟು ಸಡಿಲ ಆಗುತ್ತೆ, ಸಡಿಲ ಆದ್ರೆ ವಸಡು ಉಜ್ಜಿ ನೋವಾಗುತ್ತೆ, ನೋವಿಗೆ ಹೆದರಿ ಅಗಿಯೋದನ್ನೆಲ್ಲ ಬಿಟ್ಟು ಮೆತ್ತಗಿನದ್ದೇ ಎರಡು ತುತ್ತು ನುಂಗಿ ಎದ್ದುಬಿಡ್ತಾರೆ, ಹಂಗಾಗಿ ತೂಕ ಮತ್ತೂ ಇಳಿಯುತ್ತೆ. ಜೊತೆಗೆ ಸ್ನಾಯು ಕರಗುತ್ತೆ, ಕಾಲಲ್ಲಿ ಬಲ ಇರಲ್ಲ, ಅಂಗಡಿಗೆ ಹೋಗಕ್ಕಾಗಲ್ಲ, ಒಲೆ ಮುಂದೆ ನಿಲ್ಲಕ್ಕಾಗಲ್ಲ, ಬಿದ್ರಂತೂ ಚೇತರಿಸ್ಕೊಳ್ಳೋದು ತುಂಬಾ ನಿಧಾನ. ಸ್ನಾಯು ಕರಗಿದೆಯಾ ಅಂತ ಅಂದಾಜು ಮಾಡಕ್ಕೆ ಮೀನಖಂಡದ ಸುತ್ತಳತೆ 31 ಸೆಂಟಿಮೀಟರಿಗಿಂತ ಕಮ್ಮಿ ಇದೆಯಾ ಅಂತ ನೋಡೋ ಒಂದು ಪದ್ಧತಿ ಇದೆ, ಬಟ್ಟೆ ಅಳೆಯೋ ಟೇಪ್ ಒಂದಿದ್ರೆ ಸಾಕು. ದಪ್ಪಗಿರೋರಿಗೂ ಪೌಷ್ಟಿಕಾಂಶ ಕಮ್ಮಿ ಆಗಿರಬಹುದು, ಹೊಟ್ಟೆ ನೋಡಿ ಮೋಸ ಹೋಗ್ಬೇಡಿ.

ಡಬ್ಬಿ ಕಳಿಸೋದು ಒಳ್ಳೇದೇ, ಆದ್ರೆ ಬಾಗಿಲಲ್ಲಿ ಇಟ್ಟು ಹೋಗೋ ಡಬ್ಬಿ ಎಷ್ಟೋ ಸಲ ಹಂಗೇ ವಾಪಸ್ ಬರುತ್ತೆ. ಮೊದ್ಲು ಮುಚ್ಚಳ ತೆಗೆಯಕ್ಕೆ ಬೆರಳಲ್ಲಿ ಶಕ್ತಿ ಬೇಕು. ಆಮೇಲೆ ಒಬ್ರೇ ಕೂತು ತಿನ್ನೋ ಮನಸ್ಸು ಬೇಕಲ್ವಾ, ಸಂಗಾತಿ ತೀರಿಹೋದ್ಮೇಲೆ "ನನ್ನೊಬ್ಬನಿಗೆ ಏನು ಅಡಿಗೆ" ಅಂತ ಬಿಟ್ಟೋರು ಎಷ್ಟು ಜನ! ನಾಲ್ಕು ಜನರ ಜೊತೆ ಕೂತ್ರೆ ಮನುಷ್ಯ ಒಬ್ನೇ ಇದ್ದಾಗಿಗಿಂತ ಜಾಸ್ತಿ ತಿಂತಾನೆ, ಇದನ್ನ ಅಧ್ಯಯನಗಳಲ್ಲೂ ನೋಡಿದ್ದಾರೆ. ಅದಕ್ಕೇ ನಾನು ಹೇಳೋದು, ಡಬ್ಬಿ ಕೊಡೋರು ಅರ್ಧ ಗಂಟೆ ಕೂತು ತಾವೂ ತಿನ್ನಿ. ಉಪಕಾರ ಮಾಡ್ತಿದೀವಿ ಅನ್ನೋ ಮುಖ ಮಾತ್ರ ಬೇಡ, ಸ್ವಾಭಿಮಾನ ಇರೋರು ಮಾರನೇ ದಿನದಿಂದ "ಬೇಡ, ಹಸಿವಿಲ್ಲ" ಅಂತಾರೆ. ಅವರ ಕೈಲೇ ಕಾಳೋ ಸೊಪ್ಪೋ ಬಿಡಿಸೋದು, ರುಚಿ ನೋಡೋದು ಮಾಡ್ಸಿ.

ಹೊಟ್ಟೆ ಬೇಗ ತುಂಬೋರಿಗೆ ದೊಡ್ಡ ತಟ್ಟೆ ಇಟ್ಟು ಒತ್ತಾಯ ಮಾಡೋ ಬದ್ಲು ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ. ಕೆಜಿ ತೂಕಕ್ಕೆ ದಿನಕ್ಕೆ ಕನಿಷ್ಠ 1 ಗ್ರಾಂ ಪ್ರೋಟೀನ್ ಬೇಕು ಅಂತಾರೆ, ಹಾಲು, ಮೊಟ್ಟೆ, ಕಾಳು ಯಾವುದು ಒಗ್ಗುತ್ತೋ ಅದು (ಕಿಡ್ನಿ ತೊಂದ್ರೆ ಇದ್ರೆ ಮಾತ್ರ ಡಾಕ್ಟರನ್ನ ಕೇಳದೇ ಪ್ರೋಟೀನ್ ಹೆಚ್ಚಿಸ್ಬೇಡಿ).

ಇನ್ನೊಂದು, ಪಥ್ಯ. ಯಾವತ್ತೋ ಯಾರೋ ಹೇಳಿದ ಉಪ್ಪು ಬೇಡ, ಕೊಬ್ಬು ಬೇಡ, ಅದು ಬೇಡ ಇದು ಬೇಡ ಅನ್ನೋದನ್ನ ವರ್ಷಗಟ್ಟಲೆ ಪಾಲಿಸ್ಕೊಂಡು ಬಂದಿರ್ತಾರೆ, ತಟ್ಟೇಲಿ ರುಚಿಯಾದ್ದು ಏನೂ ಉಳಿದಿರಲ್ಲ. ತೂಕ ಇಳೀತಾ ಇರುವಾಗ ಅಷ್ಟು ಕಟ್ಟುನಿಟ್ಟು ಈಗ್ಲೂ ಬೇಕಾ ಅಂತ ಡಾಕ್ಟರ್ ಹತ್ರ ಇನ್ನೊಂದ್ಸಲ ಕೇಳಿ, ಹೋಗುವಾಗ ನುಂಗ್ತಿರೋ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕ್ಕೊಂಡು ಹೋಗಿ, ಹಸಿವು ಕೆಡಿಸ್ತಿರೋದು ಅದರಲ್ಲೇ ಯಾವುದೋ ಒಂದು ಇರಬಹುದು.