ಎಡಗಡೆ ದವಡ್ಯಾಗೊಂದು ಬೋಲ್ಟು

ಆರು ವರ್ಷ ನಾ ಬರೇ ಬಲಗಡೆ ಅಷ್ಟ ತಿಂದೀನಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ, ಮಿರ್ಚಿ, ಎಲ್ಲಾ ಬಲಗಡೆ. ಎಡಗಡೆ ಕೆಳಗ ಒಂದು ದವಡಿ ಹಲ್ಲು ಇರಲಿಲ್ಲ. ನಕ್ಕರ ಕಾಣೂ ಹಲ್ಲಲ್ಲ, ಯಾರಿಗೂ ಗೊತ್ತಾಗೂದಿಲ್ಲ ಅಂತ ಹಂಗ ಬಿಟ್ಟಬಿಟ್ಟಿದ್ದೆ. ಮೊನ್ನೆ ಬಸವ ಜಯಂತಿ ಆದಮ್ಯಾಲ ಅಲ್ಲಿ ಇಂಪ್ಲಾಂಟಿನ ಮ್ಯಾಲ, ಅಂದ್ರ ದವಡಿ ಎಲುಬಿನೊಳಗ ಹಾಕಿದ ಬೋಲ್ಟಿನ ಮ್ಯಾಲ, ಕ್ಯಾಪ್ ಕುಂದ್ರಿಸಿ ಕೆಲಸ ಮುಗೀತು. ಗೆಳ್ಯಾರೆಲ್ಲಾ ಕೇಳಾಕತ್ತಾರ, ಎಷ್ಟಾತು, ಬ್ಯಾನಿ ಆತೇನು, ಈ ವಯಸ್ಸಿನ್ಯಾಗ ಬೇಕಿತ್ತೇನು ಅಂತ. ಒಬ್ಬೊಬ್ಬರಿಗೆ ಫೋನಿನ್ಯಾಗ ಹೇಳಿ ಹೇಳಿ ಸಾಕಾತು, ಅದಕ್ಕ ಇಲ್ಲೆ ಬರದ ಬಿಡ್ತೀನಿ.

ಗೊತ್ತಿಲ್ಲದವರಿಗೆ ಮೊದಲ ಹೇಳಿಬಿಡ್ತೀನಿ, ನಂದು ಹುಬ್ಬಳ್ಳಿ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನ್ಯಾಗ ಸಣ್ಣ ಲೇತ್ ಶಾಪ್. ಎರಡು ಲೇತು, ಒಂದು ಡ್ರಿಲ್ಲಿಂಗ್ ಮಷೀನು, ಇಬ್ಬರು ಹುಡುಗರು. ಮೂವತ್ತು ವರ್ಷ ತೂತು ಹೊಡಿಯೂದು, ಥ್ರೆಡ್ ಕೊಯ್ಯೂದು ಇದ ಕೆಲಸ. ಹಂಗಾಗಿ ಈ ಕತಿಯೊಳಗ ಹಲ್ಲಿಗಿಂತ ಬೋಲ್ಟಿನ ಸುದ್ದಿನ ಜಾಸ್ತಿ ಬಂದ್ರ ತಡಕೋರಿ.

ಹಲ್ಲು ಹೋಗಿದ್ದು ನನ್ನ ತಪ್ಪಿಲೇನ. ಹುಳಾ ಹತ್ತಿತ್ತು, ರೂಟ್ ಕೆನಾಲ್ ಮಾಡಿಸಿದೆ, ಮ್ಯಾಲ ಕ್ಯಾಪ್ ಹಾಕಿಸ್ಕೋರಿ, ಇಲ್ಲಾಂದ್ರ ಹಲ್ಲು ಒಡೀತೈತಿ ಅಂತ ಅವತ್ತಿನ ಡಾಕ್ಟರ್ ಹೇಳಿದ್ದರು. ಬ್ಯಾನಿ ಹೋತಲ್ಲ, ಇನ್ನ ಯಾಕ ರೊಕ್ಕ ಹಾಕೂದು ಅಂತ ನಾ ಆ ಕಡೆ ತಿರುಗಿ ನೋಡಲಿಲ್ಲ. ಒಂದು ವರ್ಷ ಆಗಿರಬೇಕು, ಅಕ್ಕನ ಮಗಳು ಹಡದಾಗ ಮನ್ಯಾಗ ಅಂಟಿನ ಉಂಡಿ ಕಟ್ಟಿದ್ದರು, ಬಾಣಂತಿ ಸಲುವಾಗಿ ಮಾಡಿದ್ದು ಮಾಮಾ ತಿಂದರ ಹಿಂಗ ಆಗೂದು, ಕಟ್ ಅಂತ ಸಪ್ಪಳಾತು, ಹಲ್ಲು ಉದ್ದಕ್ಕ ಸೀಳಿ ಬೇರಿನ ತನಕ ಹೋಗಿತ್ತು. ಕಿತ್ತರು. ಖಾಲಿ ಬಿಡಬ್ಯಾಡ್ರಿ ಅಂತ ಆಗೂ ಹೇಳಿದ್ದರು. ಆಗೂ ನಾ ಕೇಳಲಿಲ್ಲ.

ಬಿಟ್ಟರ ಏನಾಗ್ತೈತಿ ಅಂತ ನನಗ ಗೊತ್ತಾಗಿದ್ದು ಹ್ವಾದ ದಸರಾ ಹೊತ್ತಿಗೆ, ಮ್ಯಾಲಿನ ಹಲ್ಲು ಜುಮ್ ಅನ್ನಾಕತ್ತಾಗ. ವಿದ್ಯಾನಗರದಾಗ ಒಬ್ಬರು ಹುಡುಗಿ ಡಾಕ್ಟರ್ ಅದಾರ, ನನ್ನ ಮಗಳ ವಯಸ್ಸು, ನನಗ ಕಾಕಾ ಅಂತಾರ, ನಾ ಮೇಡಮ್ ಅಂತೀನಿ. ಎಕ್ಸರೇ ತಗದು ಕಂಪ್ಯೂಟರಿನ್ಯಾಗ ತೋರಿಸಿದರು. ಕೆಳಗ ತಡಿಯಾಕ ಹಲ್ಲು ಇಲ್ಲಂತ ಮ್ಯಾಲಿನ ಹಲ್ಲು ಕೆಳಗ ಇಳದೈತಿ. ಹಿಂದಿನ ಹಲ್ಲು ಖಾಲಿ ಜಾಗಾದ ಕಡೆ ಮುಂದ ವಾಲೇತಿ. ಅದಕ್ಕಿಂತ ದೊಡ್ಡದು ಅಂದ್ರ ಎಲುಬು. ಹಲ್ಲು ಇದ್ದಲ್ಲೆ ಎಲುಬಿಗೆ ದಿನಾ ಜಗದ ಭಾರ ಬೀಳ್ತೈತಿ, ಅದರಿಂದನ ಅದು ತನ್ನ ಗಾತ್ರ ಹಿಡಕೊಂಡಿರ್ತೈತಿ. ಹಲ್ಲು ಹ್ವಾತು ಅಂದ್ರ ಎಲುಬಿಗೆ ಕೆಲಸಿಲ್ಲ, ಕರಗಾಕ ಶುರು. ಮೊದಲನೇ ವರ್ಷದಾಗನ ಅಗಲ ಅರ್ಧಕ್ಕರ್ಧ ಹೋಗಬಹುದಂತ, ಅದರಾಗೂ ಹೆಚ್ಚಿನ ಪಾಲು ಮೊದಲ ಮೂರು ತಿಂಗಳದಾಗ. ನಾನು ಆರು ವರ್ಷ ಕುಂತಿದ್ದೆ. ‘ಕಾಕಾ, ಹಲ್ಲು ಕಿತ್ತಿಸಿದ ಆರು ತಿಂಗಳಿಗೆ ಬಂದಿದ್ದರ ನನಗೂ ಸಲೀಸು, ನಿಮಗೂ ರೊಕ್ಕ ಉಳೀತಿತ್ತು’ ಅಂದರು. ನಾ ಸುಮ್ಮ ಕುಂತೆ, ಏನಂತ ಮಾತಾಡೂದು.

ಮೂರು ದಾರಿ ಹೇಳಿದರು. ತಗದು ಹಾಕೂ ಹಲ್ಲು ಒಂದು. ಅದು ಬ್ಯಾಡಂತ ನಾನ ಅಂದೆ, ನಮ್ಮ ಅವ್ವ ಕಡೀಕಡೀಗೆ ಹಲ್ಲಿನ ಸೆಟ್ ಸ್ಟೀಲ್ ವಾಟಿಯೊಳಗ ನೀರು ಹಾಕಿ ಇಡ್ತಿದ್ದಳು, ಕೆಳಗಿನ ಸೆಟ್ಟು ಮಾತಾಡೂಮುಂದ ಎದ್ದು ಕುಂದ್ರತಿತ್ತು, ರೊಟ್ಟಿ ಬಿಟ್ಟು ಅನ್ನ ಸಾರು ತಿಂದ ಹ್ವಾದಳು. ಎರಡನೇದು ಬ್ರಿಜ್, ಅಂದ್ರ ಆಜೂಬಾಜೂ ಹಲ್ಲು ತಿಕ್ಕಿ ಸಣ್ಣ ಮಾಡಿ ಮೂರೂ ಕೂಡಿಸಿ ಒಂದ ಕ್ಯಾಪ್ ಹಾಕೂದು. ಜಲ್ದಿ ಆಗ್ತೈತಿ, ರೊಕ್ಕಾನೂ ಕಡಿಮಿ. ಆದ್ರ ಒಂದು ಬೇರಿಂಗ್ ಹ್ವಾತಂತ ಚಲೋ ಇದ್ದ ಎರಡು ಶಾಫ್ಟ್ ಗ್ರೈಂಡ್ ಮಾಡಿದಂಗ ಅನಿಸ್ತು ನನಗ. ಆಜೂಬಾಜೂ ಹಲ್ಲು ಮೊದಲ ಕೆಟ್ಟು ಕ್ಯಾಪಿಗೆ ಬಂದಿದ್ದವಂದ್ರ ಬ್ರಿಜ್ಜ ಚಲೋ ಅಂತ ಅವರೂ ಹೇಳಿದರು, ನನ್ನವು ಗಟ್ಟಿ ಇದ್ದವು. ಮೂರನೇದ್ದು ಇಂಪ್ಲಾಂಟ್. ಎಲುಬಿನೊಳಗ ಟೈಟೇನಿಯಂ ಬೋಲ್ಟು, ಅದರ ಮ್ಯಾಲ ಅಬಟ್‌ಮೆಂಟ್ ಅಂತ ಒಂದು ಸಣ್ಣ ಕಂಬ, ಅದರ ಮ್ಯಾಲ ಕ್ಯಾಪು.

ಅವತ್ತ ಹಾಕಸ್ತಾರ ಅಂತ ನಾ ಅನ್ಕೊಂಡಿದ್ದೆ. ಸಕ್ರಿ ಐತೇನು ಅಂತ ಕೇಳಿ ಎಚ್‌ಬಿಎ1ಸಿ ಟೆಸ್ಟಿಗೆ ಕಳಿಸಿದರು. 8.6 ಬಂತು. ವಾಪಸ್ ಕಳಿಸಿಬಿಟ್ಟರು ನೋಡ್ರಿ! ಸಕ್ರಿ ಹಿಡತದಾಗ ಇಲ್ಲಂದ್ರ ಗಾಯ ಮಾಯೂದಿಲ್ಲ, ಎಲುಬು ಹಿಡಿಯೂದಿಲ್ಲ, 7ರ ಹತ್ರ ತಗೊಂಡು ಬರ್ರಿ ಅಂದರು. ಆ ಟೆಸ್ಟು ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಹೇಳ್ತೈತಿ, ಹಂಗಾಗಿ ನಾಳಿಗೆ ಫೇಡಾ ಬಿಟ್ಟೇನಿ ಅಂದ್ರ ನಾಡದು ಕಡಿಮಿ ಬರೂದಿಲ್ಲ. ದಿನಾ ಮುಂಜಾನೆ ಉಣಕಲ್ ಕೆರಿ ಸುತ್ತು ಹಾಕಿ, ಚಾದಾಗಿನ ಸಕ್ರಿ ಬಿಟ್ಟು, ಗುಳಿಗಿ ಬದಲು ಮಾಡಿಸಿ, ಸಂಕ್ರಮಣ ಹೊತ್ತಿಗೆ 7.1 ಆತು. ಹಲ್ಲಿನ ಡಾಕ್ಟರ್ ಮಾಡಿಸಿದಷ್ಟು ವಾಕಿಂಗ್ ಸಕ್ರಿ ಡಾಕ್ಟರ್ ಹತ್ತು ವರ್ಷದಾಗ ಮಾಡಿಸಿರಲಿಲ್ಲ.

ನನ್ನ ನೋಡಿ ಬಾಜೂ ವೆಲ್ಡಿಂಗ್ ಶಾಪಿನ ಗೆಳೆಯಾನೂ ಬಂದ. ಅವಂಗ ಗುಟ್ಕಾ ಬೇಕ ಬೇಕು. ಮೇಡಮ್ ಅವಂಗ ಬಾಯಿ ತೆಗೀರಿ ಅಂದರು, ಮೂರು ಬೆರಳು ಒಂದರ ಮ್ಯಾಲೊಂದು ನಿಲ್ಲಿಸಿ ಒಳಗ ಹೋಗ್ತಾವೇನು ನೋಡ್ರಿ ಅಂದರು. ಎರಡೂ ಸರಿಯಾಗಿ ಹೋಗಲಿಲ್ಲ. ಅಡಿಕಿಯಿಂದ ಗಲ್ಲದ ಒಳಗಿನ ಚರ್ಮ ನಾರಿನಂಗ ಬಿಗೀತೈತಿ, ಡ್ರಿಲ್ ಹಿಡಿಯಾಕ ಜಾಗಾನ ಇರೂದಿಲ್ಲ. ಇಂಪ್ಲಾಂಟಿನ ಮಾತು ಬಿಡ್ರಿ, ಮೊದಲ ಇದನ್ನ ತೋರಿಸಿರಿ, ಇದು ಕ್ಯಾನ್ಸರಿಗೆ ತಿರುಗೂದೂ ಐತಿ ಅಂತ ಚೀಟಿ ಬರದು ಕೊಟ್ಟರು. ಅವತ್ತು ಗಾಡಿಯೊಳಗ ಬರೂಮುಂದ ಅಂವ ಒಂದು ಮಾತಾಡಲಿಲ್ಲ.

ಇನ್ನ ಸ್ಕ್ಯಾನು. ಸಿಬಿಸಿಟಿ ಅಂತಾರ, ದವಡಿಯನ್ನ ಮೂರು ಕಡೆಯಿಂದ ಕೊಯ್ದು ತೋರಿಸಿದಂಗ ಕಾಣ್ತೈತಿ. ಕೆಳಗಿನ ದವಡಿ ಎಲುಬಿನೊಳಗ ಒಂದು ನರ ಹೋಗೇತಿ, ಕೆಳತುಟಿಗೆ, ಗದ್ದಕ್ಕ ಸ್ಪರ್ಶ ಗೊತ್ತಾಗೂದು ಅದರಿಂದ. ಬೋಲ್ಟಿನ ತುದಿಗೂ ಆ ನರಕ್ಕೂ 2 ಮಿಲಿಮೀಟರ್ ಅಂತರ ಇಡಬೇಕು. ಹೆಚ್ಚು ಕಡಿಮಿ ಆತಂದ್ರ ತುಟಿ ಜೋಮು ಹಿಡದಂಗ ಉಳದುಬಿಡ್ತೈತಿ. ನಂಗ 4.3 ದಪ್ಪ, 10 ಉದ್ದದ್ದು ಅಂತ ಲೆಕ್ಕ ಹಾಕಿದರು. ಅಳತಿ ಕೇಳಿ ನನಗ ಸಮಾಧಾನ ಆತು, ಅಳತಿ ಹೇಳಿ ಕೆಲಸ ಮಾಡೂರು ಅಂದ್ರ ನನಗ ನಂಬಿಕಿ.

ಎಲುಬಿನ ಅಗಲ ಒಂದು ಬಾಜೂ ಕಡಿಮಿ ಇತ್ತು, ಅಲ್ಲಿ ಪೌಡರ್ ತುಂಬಬೇಕು ಅಂದರು. ಏನ ಪೌಡರ್ರಿ ಅಂತ ಕೇಳಿದೆ. ಆಕಳ ಎಲುಬಿಂದ ಮಾಡಿದ್ದೂ ಬರ್ತೈತಿ, ಫ್ಯಾಕ್ಟರಿಯೊಳಗ ಕೆಮಿಕಲ್ಲಿನಿಂದ ಮಾಡಿದ್ದೂ ಬರ್ತೈತಿ, ಯಾವುದು ಹಾಕಲಿ ಅಂದರು. ನಮ್ಮಾಕಿ ಬಾಜೂ ಕುಂತಿದ್ದಳು, ಕೊಳ್ಳಾಗಿನ ಲಿಂಗ ಮುಟ್ಟಿಕೊಂಡು ನನ್ನ ಮಾರಿ ನೋಡಿದಳು. ಎರಡನೇದ ಹಾಕ್ರಿ ಅಂದೆ. ಮೇಡಮ್ಮಾರೇ ತಾವಾಗಿ ಕೇಳಿದ್ದು ನನಗ ಭಾಳ ಚಲೋ ಅನಿಸ್ತು, ಕೇಳದ ಹಾಕಿದ್ದರ ನಮಗೇನು ಗೊತ್ತಾಗ್ತಿತ್ತು? ನೀವೂ ಎಲ್ಲೆರ ಹೋದ್ರ ಕೇಳ್ರಿ.

ಹಾಕೂ ದಿನ ಸಂಕ್ರಮಣ ಆಗಿ ಒಂದು ವಾರ. ಸಜ್ಜಿ ರೊಟ್ಟಿ ತಿಂದು ಮುಗಿಸಿಕೊಂಡನ ಹೋಗಿದ್ದೆ. ಇಂಜೆಕ್ಷನ್ ಮಾಡಿದಾಗ ಚುಚ್ಚಿದಷ್ಟ ಬ್ಯಾನಿ, ಆಮ್ಯಾಲ ಅರ್ಧ ತುಟಿ ನಂದಲ್ಲ ಅನ್ನೂಹಂಗ ಆತು. ಖುರ್ಚಿಯೊಳಗ ಮಕ್ಕೊಂಡು ಕಿವಿಲೇನ ಎಲ್ಲಾ ಕೆಲಸ ಗುರ್ತು ಹಿಡದೆ. ಮೊದಲ 2 ಮಿಲಿಮೀಟರ್ ಪೈಲಟ್ ಡ್ರಿಲ್ಲು. ಆಮ್ಯಾಲ ಅದಕ್ಕಿಂತ ದಪ್ಪ, ಮತ್ತ ಅದಕ್ಕಿಂತ ದಪ್ಪ, ನಾವು ಮಾಡೂಹಂಗನ. ಸ್ಪೀಡ್ ಕಡಿಮಿ. ಮ್ಯಾಲಿಂದ ಸಲೈನ್ ನೀರು ಸುರೀತಾನ ಇತ್ತು, ನಾವು ಮಷೀನಿನ ಕಾವು ಇಳಸಾಕ ಬಿಡೂ ಕೂಲಂಟಿನಂಗ, ಬಾಯಿ ತುಂಬಿದ್ದರೂ ‘ಕೂಲಂಟ್?’ ಅಂತ ಕೇಳೇಬಿಟ್ಟೆ. ನಕ್ಕರು. ಎಲುಬಿಗೆ 47 ಡಿಗ್ರಿ ಕಾವು ಒಂದು ನಿಮಿಷ ತಾಗಿದ್ರ ಸಾಕಂತ, ಆ ಜಾಗಾದ ಎಲುಬು ಸಾಯ್ತೈತಿ, ಬೋಲ್ಟು ಹಿಡಿಯೂದಿಲ್ಲ. ಮನಿಷ್ಯಾನ ಮೈ ಕಾವ 37 ಐತಿ, ಅಂದ್ರ ಹತ್ತು ಡಿಗ್ರಿ ಅಷ್ಟ ಅಂತರ. ನಮ್ಮ ಹುಡುಗರು ಕೂಲಂಟ್ ಬಿಡದ ತೂತು ಹೊಡದು ಡ್ರಿಲ್ಲಿನ ತುದಿ ಕಾಸಿ ನೀಲಿ ಮಾಡ್ತಾರಲ್ಲ, ಅವರನ್ನ ತಂದು ಅಲ್ಲಿ ನಿಲ್ಲಸಬೇಕು ಅನಿಸ್ತು.

ಕಡೀಕೆ ಬೋಲ್ಟ್ ತಿರುಗಿಸಿ, ಎಷ್ಟು ಬಿಗಿ ಆತು ಅಂತ ಅಳಿಯೂ ಟಾರ್ಕ್ ರೆಂಚ್ ಹಚ್ಚಿದರು, 35 ನ್ಯೂಟನ್ ಸೆಂಟಿಮೀಟರ್. ನಮ್ಮ ಲೆಕ್ಕದಾಗ ಅದು ಏನೂ ಅಲ್ಲ, ಸಣ್ಣ ಸ್ಕ್ರೂಡ್ರೈವರ್ ಬೆರಳಿಲೆ ತಿರುವಿದಷ್ಟು. ಇಷ್ಟ ಟೈಟ್ ಸಾಕೇನ್ರಿ ಅಂತ ಕೇಳಿದ್ದಕ್ಕ ಅವರು ಹೇಳಿದ್ದು ನನ್ನ ತಲ್ಯಾಗ ಇನ್ನೂ ತಿರುಗಾಕತ್ತೇತಿ. ಇವತ್ತು ಹಿಡದಿರೂದು ಥ್ರೆಡ್ಡು. ಎಲುಬು ತಾನು ಗಾಯ ಆದಲ್ಲೆ ಹಳೇದನ್ನ ಮೊದಲ ಕರಗಸ್ತೈತಿ, ಹಂಗಾಗಿ ಮೂರು ನಾಕನೇ ವಾರಕ್ಕ ಬೋಲ್ಟು ಹಾಕಿದ ದಿನಕ್ಕಿಂತ ಸಡ್ಲ ಇರ್ತೈತಿ. ಆಮ್ಯಾಲ ಹೊಸಾ ಎಲುಬು ಥ್ರೆಡ್ಡಿನ ಸಂದಿಯೊಳಗೆಲ್ಲಾ ಬೆಳದು ಹಿಡ್ಕೊಂತೈತಿ. ನಾ ಮೂವತ್ತು ವರ್ಷದಾಗ ಸಾವಿರಗಟ್ಟಲೆ ಬೋಲ್ಟ್ ಮಾಡೀನಿ, ವೈಬ್ರೇಶನ್ನಿಗೆ ದಿನಾ ಲೂಜ್ ಆಗೂದನ್ನ ಅಷ್ಟ ನೋಡೀನಿ. ನಟ್ಟು ತಾನ ಬೋಲ್ಟಿನ ಸುತ್ತ ಬೆಳಿಯೂದು ಕೇಳಿದ್ದು ಇದ ಮೊದಲು.

ಇದನ್ನ ಕಂಡುಹಿಡದದ್ದೂ ಬೋಲ್ಟ್ ಬಿಚ್ಚಾಕ ಬರದ್ದಕ್ಕನ ಅಂತ! 1952ರಾಗ ಸ್ವೀಡನ್ನಿನ ಬ್ರೋನೆಮಾರ್ಕ್ ಅನ್ನೂ ಡಾಕ್ಟರ್ ಮೊಲದ ಕಾಲಿನ ಎಲುಬಿನೊಳಗ ರಕ್ತ ಹೆಂಗ ಹರೀತೈತಿ ನೋಡಾಕ ಟೈಟೇನಿಯಂ ಕೊಳವಿ ಕುಂದ್ರಿಸಿದ್ದರಂತ. ಪ್ರಯೋಗ ಮುಗದ ಮ್ಯಾಲ ತಗಿಯಾಕ ಹೋದ್ರ ಬರಲೇ ಇಲ್ಲ, ಎಲುಬು ಅದಕ್ಕ ಅಂಟಿ ಬೆಳದಿತ್ತು. ಬ್ಯಾರೆ ಯಾರರ ಆಗಿದ್ದರ ವಸ್ತು ಹಾಳಾತು ಅಂತ ಬೈಕೊಂಡು ಬಿಡ್ತಿದ್ದರು. 1965ರಾಗ ಗೋಸ್ತಾ ಲಾರ್ಸನ್ ಅನ್ನೂ ಮನಿಷ್ಯಾಗ, ಕೆಳಗಿನ ದವಡ್ಯಾಗ ಹಲ್ಲ ಇರಲಿಲ್ಲ ಅವಂಗ, ಮೊದಲನೇ ಸಲ ಹಾಕಿದರು. ಅಂವ 2006ರಾಗ ತೀರಿಕೊಂಡ, ಅಲ್ಲಿ ತನಕ ಅವು ಇದ್ದವು, ಅಂದ್ರ ನಲವತ್ತು ವರ್ಷ. ಆದ್ರೂ ಉಳದ ಡಾಕ್ಟರಗಳು ಭಾಳ ವರ್ಷ ನಂಬಲಿಲ್ಲಂತ, 1982ರಾಗ ಟೊರಾಂಟೊದಾಗ ಒಂದು ದೊಡ್ಡ ಸಭಾ ಆದಮ್ಯಾಲನ ಎಲ್ಲಾ ಕಡೆ ಒಪ್ಪಿದ್ದು. ನನಗ ಟೈಟೇನಿಯಂ ಕೊಯ್ದು ಗೊತ್ತಿಲ್ಲ, ಆದ್ರ ಕೊಯ್ಯೂರು ಹೇಳೂದು ಕೇಳೀನಿ, ಕಾವು ಹರಿದು ಹೋಗೂದಿಲ್ಲ, ಎಲ್ಲಾ ಟೂಲಿನ ತುದಿಗೆ ನಿಂತು ಟೂಲ್ ತಿಂದುಬಿಡ್ತೈತಿ ಅಂತ. ಅಂಥಾ ಹಟಮಾರಿ ಲೋಹ ಎಲುಬಿನ ಜೋಡಿ ಇಷ್ಟು ಹೊಂದಿಕೊಂಡು ಹೋಗ್ತೈತಲ್ಲ.

ಮುಂದ ನಾಕು ತಿಂಗಳ ಕಾಯೂದು. ಪೌಡರ್ ಹಾಕದಿದ್ದರ ಕೆಳಗಿನ ದವಡಿಗೆ ಮೂರು ತಿಂಗಳದಾಗ ಆಗ್ತಿತ್ತಂತ, ಮ್ಯಾಲಿನ ದವಡಿ ಎಲುಬು ಮೆತ್ತಗ ಇರ್ತೈತಿ, ಅಲ್ಲಿ ಇನ್ನೂ ತಡ. ಮೊದಲ ಎರಡು ದಿನ ಗಲ್ಲ ಬಾತಿತ್ತು, ಗುಳಿಗಿ, ಐಸು, ಅಂಬಲಿ, ಮೆತ್ತನ್ನ ಅನ್ನ. ಬ್ಯಾನಿ ಹಲ್ಲು ಕೀಳಸಿದಾಗ ಆದದ್ದಕ್ಕಿಂತ ಕಡಿಮಿ. ‘ಒಂದ ದಿನದಾಗ ಹಲ್ಲು’ ಅಂತ ಬೋರ್ಡ್ ಹಾಕಿರೂದು ನೋಡಿರ್ತೀರಿ, ಕೆಲವರಿಗೆ ಅದು ಆಗೂದೂ ಐತಿ, ಎಲುಬು ಗಟ್ಟಿ ಇದ್ದವರಿಗೆ. ನನ್ನಂಥ ಸಕ್ರಿ ಇದ್ದಾಂವ, ಎಲುಬು ಕಳಕೊಂಡಾಂವ ಅವಸರ ಮಾಡಿದ್ದರ ಸಡ್ಲ ಇದ್ದ ವಾರದಾಗ ರೊಟ್ಟಿ ಕಡದು ಅಲ್ಲಾಡಿಸಿ ಕೆಡಿಸ್ತಿದ್ದೆ. ಒಂದು ಕಡೆ ಮೊದಲ ವಿಚಾರಿಸಾಕ ಹೋಗಿದ್ದೆ, ಹೆಸರು ಬ್ಯಾಡ, ಅಲ್ಲಿ ಸಕ್ರಿ ಕೇಳದ ವಾರದಾಗ ಮುಗಸ್ತೀನಿ ಅಂದಿದ್ದರು. ಎದ್ದು ಬಂದದ್ದು ಚಲೋ ಆತು.

ರೊಕ್ಕದ ಸುದ್ದಿ. ನನಗ ಬೋಲ್ಟು, ಪೌಡರ್, ಜಿರ್ಕೋನಿಯಾ ಅನ್ನೂ ಗಟ್ಟಿ ಬಿಳಿ ವಸ್ತುವಿನ ಕ್ಯಾಪು ಎಲ್ಲಾ ಸೇರಿ 46 ಸಾವಿರ, ಸ್ಕ್ಯಾನ್ ಬ್ಯಾರೆ. ಸಣ್ಣ ರೊಕ್ಕಲ್ಲ, ನನಗ ಗೊತ್ತೈತಿ. ಕಂಪನಿ ಮ್ಯಾಲ ರೇಟು ಹೆಚ್ಚು ಕಡಿಮಿ ಆಗ್ತೈತಿ. ಡೆಂಟಲ್ ಕಾಲೇಜಿನ್ಯಾಗ ಕಡಿಮಿ ಆಗ್ತೈತಿ, ನಮ್ಮ ಧಾರವಾಡದ ಸತ್ತೂರಿನ್ಯಾಗೂ ಕಾಲೇಜು ಐತಿ, ಚಿಗರಿ ಬಸ್ಸಿನ್ಯಾಗ ಹೋಗಬಹುದು, ಓಡಾಟ ಮಾತ್ರ ಹೆಚ್ಚು. ಎಲ್ಲೆ ಮಾಡಿಸಿದರೂ ಯಾವ ಕಂಪನಿದು, ಯಾವ ಅಳತಿ ಅನ್ನೂ ಸ್ಟಿಕರ್ ಇರೂ ಕಾರ್ಡ್ ಇಸ್ಕೊಳ್ರಿ. ನಾಳಿಗೆ ಒಳಗಿನ ಸ್ಕ್ರೂ ಲೂಜ್ ಆತಂದ್ರ ಅದಕ್ಕ ಹೊಂದೂ ಪಾನಾನ ಬೇಕು, ಇದನ್ನ ಮಾತ್ರ ನಾ ಮೇಡಮ್ ಹೇಳೂ ಮೊದಲ ಕೇಳಿದ್ದೆ.

ಕ್ಯಾಪ್ ಹಾಕೂ ದಿನ ಕೆಂಪು ನೀಲಿ ಕಾಗದ ಕಡಿಸಿ ಎಲ್ಲೆ ಹೆಚ್ಚು ತಾಗ್ತೈತಿ ನೋಡಿ ತಿಕ್ಕಿದರು. ನಾವು ಬೇರಿಂಗ್ ಕುಂದ್ರಿಸೂಮುಂದ ನೀಲಿ ಹಚ್ಚಿ ನೋಡ್ತೀವಲ್ಲ, ಅದ. ಮ್ಯಾಲಿನ ಇಳದ ಹಲ್ಲನ್ನೂ ಸ್ವಲ್ಪ ತಿಕ್ಕಿದರು. ಹುಳಾ ಇದಕ್ಕ ಹತ್ತೂದಿಲ್ಲ, ಆದ್ರ ಸುತ್ತಲಿನ ವಸಡಿನ್ಯಾಗ ಹೊಲಸು ನಿಂತು ಕೀವಾತಂದ್ರ ಎಲುಬು ಮತ್ತ ಕರಗಿ ಬೋಲ್ಟ ಉದುರ್ತೈತಿ, ಅದಕ್ಕ ಬಾಟ್ಲಿ ತೊಳಿಯೂ ಬ್ರಶ್ಶಿನಂಗ ಒಂದು ಸಣ್ಣ ಬ್ರಶ್ ಕೊಟ್ಟಾರ, ರಾತ್ರಿ ಸಂದಿಯೊಳಗ ಆಡಿಸಬೇಕು.

ಒಂದು ವಿಚಿತ್ರ ಐತಿ. ಸ್ವಂತ ಹಲ್ಲಿನ ಬೇರಿಗೂ ಎಲುಬಿಗೂ ನಡುವ ತೆಳ್ಳನ್ನ ನಾರಿನ ಪದರ ಇರ್ತೈತಿ, ಅದರಾಗ ಸ್ಪರ್ಶ ಐತಿ, ಅನ್ನದಾಗ ಒಂದು ಸಣ್ಣ ಹಳ್ಳು ಬಂದ್ರೂ ಟಕ್ಕನ ಗೊತ್ತಾಗ್ತೈತಿ. ಈ ಹಲ್ಲಿಗೆ ಅದಿಲ್ಲ. ರೊಟ್ಟಿ ಕಡೀತೈತಿ, ಸಪ್ಪಳ ಕೇಳಸ್ತೈತಿ, ಕಡದದ್ದು ಮಾತ್ರ ಗೊತ್ತಾಗವಲ್ದು. ನಮ್ಮ ಹುಡುಗ ಒಬ್ಬ ಕೇಳಿದ, ‘ಸಾವಕಾರ್ರ, ಅದರ ಪಿಚ್ ಎಷ್ಟ್ರಿ?’ ಅಂತ. ಪಿಚ್ ಅಂದ್ರ ಥ್ರೆಡ್ಡಿನ ಒಂದು ಎಳಿಗೂ ಇನ್ನೊಂದು ಎಳಿಗೂ ಇರೂ ಅಂತರ, ಅದನ್ನ ಕೇಳೂದ ಮರತಿದ್ದೆ ನೋಡ್ರಿ, ಮುಂದಿನ ಸಲ ಹ್ವಾದಾಗ ಕೇಳಬೇಕು.

ಮತ್ತ ಆರು ವರ್ಷದ ರೂಢಿ ಹೋಗವಲ್ದು. ಇವತ್ತೂ ಮಧ್ಯಾಹ್ನ ಶಾಪಿನ್ಯಾಗ ಬುತ್ತಿ ಬಿಚ್ಚಿ ತುತ್ತು ಬಾಯಾಗ ಇಟ್ಟರ ಅದು ತಾನ ಬಲಗಡೆ ಹೋತು. ನಾಲಿಗಿಲೆ ಎಡಕ್ಕ ದೂಡಿಕೊಂಡೆ.