ನಾಲ್ಕು ಹೆಂಗಸರು

ಪೆನ್ಸಿಲ್ವೇನಿಯಾದಲ್ಲಿ ನಮ್ಮ ಪಕ್ಕದ ಮನೆ ಅಜ್ಜಿಯ ಹಿರಿಯರು ಸ್ಕಾಚ್-ಐರಿಷ್, ಅಂದರೆ ಸ್ಕಾಟ್ಲೆಂಡಿನಿಂದ ಐರ್ಲೆಂಡಿನ ಅಲ್ಸ್ಟರ್‌ಗೆ ಹೋಗಿ, ಅಲ್ಲಿ ಕೆಲವು ತಲೆಮಾರು ಬಾಳಿ, ಆಮೇಲೆ ಹಡಗು ಹತ್ತಿ ಅಮೆರಿಕಕ್ಕೆ ಬಂದವರು. ನಿನ್ನೆ ರಾತ್ರಿ ಇಬ್ಬರೂ ಕೂತು ಹುಡುಕಿದೆವು. 1790ರ ಅಮೆರಿಕದ ಮೊದಲ ಜನಗಣತಿಯಲ್ಲಿ ಆ ಹಿರಿಯರ ಮನೆ ಸಿಕ್ಕಿತು! ಆದರೆ ಹೆಸರಿರುವುದು ಯಜಮಾನನದ್ದು ಮಾತ್ರ, ಉಳಿದವರೆಲ್ಲ ಬರೀ ಲೆಕ್ಕ. ಹೆಂಗಸರ ಕಾಲಂನಲ್ಲಿ ಮಸಿಯಲ್ಲಿ ಬರೆದ ಒಂದು 4. ಅಜ್ಜಿ ಅದರ ಮೇಲೆ ಬೆರಳಿಟ್ಟು ಸುಮ್ನೆ ಕೂತುಬಿಟ್ಟರು. ಹೆಂಡತಿ ಯಾರು, ಮಗಳು ಯಾರು?

ಐರ್ಲೆಂಡಲ್ಲಿ ಹುಡುಕೋಣ ಅಂದರೆ, 1922ರಲ್ಲಿ ಡಬ್ಲಿನ್ನಿನ ದಾಖಲೆ ಕಚೇರಿಗೆ ಬೆಂಕಿ ಬಿದ್ದು ಎಷ್ಟೋ ಹಳೆಯ ಕಾಗದ ಬೂದಿಯಾಗಿವೆ. ನನಗೆ ಜಾಸ್ತಿ ಭರವಸೆ ಇರುವುದು ಉಯಿಲುಗಳ ಮೇಲೆ. ಹಾಸಿಗೆ ಯಾರಿಗೆ, ಹಸು ಯಾರಿಗೆ ಅಂತ ಬರೆಯುವಾಗ ಹೆಣ್ಣುಮಕ್ಕಳ ಹೆಸರು ಬರೆಯಲೇಬೇಕಲ್ವಾ? ಹಳೆಯ ಉಯಿಲು ಹುಡುಕಲು ಸೋಮವಾರ ಅಜ್ಜಿಯನ್ನು ಕರೆದುಕೊಂಡು ಕೌಂಟಿ ಕಚೇರಿಗೆ, ಅಂದರೆ ಇಲ್ಲಿನ ಜಿಲ್ಲಾ ಕಚೇರಿಗೆ, ಹೋಗುತ್ತಿದ್ದೇನೆ.