ಎಡಗಾಲು ಚಾಚಿ ಬಲಗಾಲು ಅನ್ನುವವರ ಕಥೆ

ಯೋಗ ಹೇಳಿಕೊಡುವವರಿಗೆ ಒಂದು ವಿಚಿತ್ರ ಚಾಳಿ ಇರುತ್ತದೆ. ಎದುರಿಗೆ ಇರುವವರಿಗೆ ಕನ್ನಡಿಯಲ್ಲಿ ಕಂಡ ಹಾಗೆ ಕಾಣಲಿ ಅಂತ "ಬಲಗಾಲು ಮುಂದೆ ಚಾಚಿ" ಅನ್ನುತ್ತಾ ನಾವು ಎಡಗಾಲು ಚಾಚುತ್ತೇವೆ. ನಾನು 11 ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಯಾರಾದರೂ ದಾರಿ ಕೇಳಿದರೆ ಎಡಕ್ಕೆ ಕೈ ತೋರಿಸಿ "ಬಲಕ್ಕೆ ಹೋಗಿ" ಅಂದುಬಿಡುತ್ತೇನೆ. ಮಗಳು ಗಾಡಿ ಓಡಿಸುವಾಗ ನಾನು ಬಾಯಿ ಬಿಡುವ ಹಾಗೇ ಇಲ್ಲ.

ಇದರಲ್ಲಿ ಇನ್ನೊಂದು ವಿಷಯ ಇದೆ. ನಾವು ತೋರಿಸುವುದು ಒಂದೇ ಬದಿ. ಮೊದಲ ಬದಿ ಮಾಡಿ ತೋರಿಸುತ್ತೇವೆ, ಎರಡನೇ ಬದಿ ಬರುವಷ್ಟರಲ್ಲಿ ಎದ್ದು ಓಡಾಡುತ್ತಾ ಅವರಿವರ ಭುಜ, ಬೆನ್ನು ಸರಿ ಮಾಡುತ್ತಿರುತ್ತೇವೆ. ಅಂದರೆ ದಿನಕ್ಕೆ ಮೂರು ಕ್ಲಾಸ್, ವಾರಕ್ಕೆ ಆರು ದಿನ, ವರ್ಷಗಟ್ಟಲೆ ಒಂದೇ ಕಾಲು. ನನ್ನ ಎಡಗಾಲು. ಒಂದು ದಿನ ಆ ಕಾಲು ಕೈಕೊಟ್ಟಿತು.

ಅವತ್ತು ಲೇಟಾಗಿ ಬಂದಿದ್ದೆ. ಬೇರೆಯವರಿಗೆಲ್ಲ "ಮೈ ಬಿಸಿಯಾಗದೆ ಬಗ್ಗಬೇಡಿ" ಅಂತ ದಿನಾ ಹೇಳುವ ನಾನು, ಚಾಪೆ ಹಾಸಿದವಳೇ, ಒಂದು ಕಾಲು ಚಾಚಿ ಇನ್ನೊಂದನ್ನು ಮಡಚಿ ಮುಂದಕ್ಕೆ ಬಗ್ಗುವ ಜಾನುಶೀರ್ಷಾಸನ ತೋರಿಸಲು ಕೂತೆ. ಹೊಸದಾಗಿ ಸೇರಿದವರು ನಾಲ್ಕೈದು ಜನ ಇದ್ದರು. ಅವರಿಗೆ ತೋರಿಸಲು ಪಾದದವರೆಗೆ ಕೈ ಹೋದರೆ ಸಾಕಿತ್ತು. ನಾನು ಹಣೆಯನ್ನು ಮಂಡಿಗೆ ಮುಟ್ಟಿಸಿ, ಅಲ್ಲಿಗೂ ಬಿಡದೆ ಗದ್ದವನ್ನು ಇನ್ನೂ ಮುಂದಕ್ಕೆ ಜಾರಿಸಿದೆ. ಯಾಕೆ ಅಂತ ಕೇಳಬೇಡಿ, ನಿಮಗೂ ಗೊತ್ತು. ಎಡ ಪೃಷ್ಠದ ಅಡಿಯಲ್ಲಿ, ಕೂತಾಗ ನೆಲಕ್ಕೆ ಒತ್ತುವ ಮೂಳೆ ಇದೆಯಲ್ಲ, ಅಲ್ಲಿ ಚುಳ್ ಅಂದಿತು. ನಗುತ್ತಲೇ ಎದ್ದೆ. ಯಾರಿಗೂ ಗೊತ್ತಾಗಲಿಲ್ಲ.

ಹತ್ತು ದಿನ ನನಗೆ ನಾನೇ ವೈದ್ಯೆ. ನೋವಿರುವ ಜಾಗ ಬಿಗಿಯಾಗಿದೆ ಅಂದುಕೊಂಡು ಇನ್ನಷ್ಟು ಎಳೆದೆ. ಕೂತರೆ ನೋವು, ಬಗ್ಗಿದರೆ ನೋವು, ಬಕೆಟ್ ಎತ್ತಿದರೂ ನೋವು. ಕೊನೆಗೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋದಾಗ ಆಕೆ ಬೆರಳಲ್ಲಿ ಒತ್ತಿ ಸರಿಯಾಗಿ ಅದೇ ಜಾಗ ಹಿಡಿದರು. ತೊಡೆಯ ಹಿಂದಿನ ಸ್ನಾಯುಗಳು, ಹ್ಯಾಮ್‌ಸ್ಟ್ರಿಂಗ್ ಅಂತೇವಲ್ಲ, ಅವು ಟೆಂಡನ್ ಮೂಲಕ ಆ ಮೂಳೆಗೆ ಅಂಟಿಕೊಂಡಿರುತ್ತವೆ. ಪೆಟ್ಟು ಬಿದ್ದಿದ್ದು ಅಲ್ಲಿ. ಟೆಂಡನ್‌ಗೆ ಸ್ನಾಯುವಿನಷ್ಟು ರಕ್ತ ಹರಿಯುವುದಿಲ್ಲ, ಹಾಗಾಗಿ ವಾಸಿಯಾಗುವುದೂ ನಿಧಾನ, ವಾರಗಳಲ್ಲ, ತಿಂಗಳುಗಳು ಅಂದರು. ಇದು ಒಂದು ದಿನದ ಕೆಲಸ ಅಲ್ಲ, ಬಹಳ ದಿನದಿಂದ ಸವೆಸಿದ್ದೀರಿ, ಇನ್ನು ಎಳೆಯಬೇಡಿ, ಗಟ್ಟಿ ಮಾಡಿ ಅಂತ ಹೇಳಿ, ಅಂಗಾತ ಮಲಗಿಸಿ, ಮಂಡಿ ಮಡಚಿಸಿ, ಸೊಂಟ ಎತ್ತಿಸಿದರು.

"ಇದು ಸೇತುಬಂಧಾಸನ ಅಲ್ವಾ" ಅಂದೆ.

"ಏನು ಬೇಕಾದರೂ ಕರೀರಿ ಮೇಡಂ, ದಿನಾ ಮಾಡಿ. ಇಳಿಯುವಾಗ ನಿಧಾನ."

ಕೂತು ಬಗ್ಗುವ ಪಶ್ಚಿಮೋತ್ತಾನಾಸನ ಬಂದ್. ನಿಂತು ಬಗ್ಗುವ ಉತ್ತಾನಾಸನ ಬಂದ್. ಸೂರ್ಯ ನಮಸ್ಕಾರದಲ್ಲೂ ಮುಂದೆ ಬಾಗುವ ಎರಡು ಹಂತ ಬಂದ್. ಮನೆಗೆ ಬಂದು ಹೇಳಿದರೆ ಮಗಳು, "ಅಮ್ಮ, ಯೋಗ ಮಾಡಿದರೆ ಏನೂ ಆಗಲ್ಲ ಅಂತ ಊರಿಗೆಲ್ಲ ಹೇಳ್ತಿದ್ದೆ" ಅಂತ ನಕ್ಕಳು. ನನಗೆ ಚುಚ್ಚಿದ್ದೂ ಅದೇ. ಪಾಠ ಹೇಳುವವಳಿಗೇ ಪೆಟ್ಟಾಗಿದೆ ಅಂತ ಜನರಿಗೆ ಹೇಗೆ ಹೇಳುವುದು? ಹಾಗಾಗಿ ಸೋಮವಾರ ಕ್ಲಾಸಿಗೆ ಹೋಗಿ ಒಂದು ಸುಳ್ಳು ಹೇಳಿದೆ. "ಇವತ್ತಿನಿಂದ ನಾನು ತೋರಿಸಲ್ಲ, ಮಾತಲ್ಲೇ ಹೇಳ್ತೀನಿ, ಕೇಳಿಸಿಕೊಂಡು ಮಾಡಿ, ಮನಸ್ಸು ಒಳಗೆ ತಿರುಗುತ್ತೆ." ಏನು ಗಂಭೀರ ಮುಖ ನನ್ನದು! ಯೋಗದ ಮೊದಲ ನೀತಿಗಳಾದ ಯಮಗಳಲ್ಲಿ ಅಹಿಂಸೆ ಆದಮೇಲೆ ಬರುವುದೇ ಸತ್ಯ. ಕೆಲವೇ ದಿನಗಳಲ್ಲಿ ಎರಡನ್ನೂ ಮುರಿದು ಮುಗಿಸಿದ್ದೆ.

ಶುರು ಮಾಡಿದ ಎರಡೇ ನಿಮಿಷಕ್ಕೆ ಗೊತ್ತಾಯಿತು, ನನ್ನ ಪಾಠವೆಲ್ಲ "ಹೀಗೆ" ಅನ್ನುವ ಒಂದು ಪದದ ಮೇಲೆ ನಿಂತಿತ್ತು. ಕೈ ಹೀಗೆ, ಸೊಂಟ ಹೀಗೆ, ಇಲ್ಲಿಂದ ಹೀಗೆ ಬನ್ನಿ. ಮೈ ತೋರಿಸದೆ "ಹೀಗೆ" ಅಂದರೆ ಏನು ಅರ್ಥ? ತ್ರಿಕೋನಾಸನದಲ್ಲಿ ಬಲ ಯಾವುದು ಎಡ ಯಾವುದು ಅಂತ ನನಗೇ ತಪ್ಪಿಹೋಗಿ, ಅರ್ಧ ಕ್ಲಾಸ್ ಆ ಕಡೆ ವಾಲಿತು, ಅರ್ಧ ಈ ಕಡೆ. ಇಬ್ಬರ ಕೈ ಕೈ ಹೊಡೆದುಕೊಂಡವು.

ಆದರೆ ಒಂದು ಲಾಭವೂ ಆಯಿತು. ನನ್ನ ಹಣೆ ನನ್ನ ಮಂಡಿಯ ಮೇಲಿದ್ದಾಗ ನನಗೆ ಕಾಣುತ್ತಿದ್ದದ್ದು ನನ್ನ ಮೊಣಕಾಲೇ ಅಲ್ವಾ? ಅವತ್ತು ಮೊದಲ ಸಲ ಜನ ಕಂಡರು. ಎರಡನೇ ಸಾಲಿನಲ್ಲಿ ಒಬ್ಬಾಕೆ ಇದ್ದಾರೆ, "ನೋಡಿ, ಎಷ್ಟು ಸ್ಥಿರವಾಗಿ ನಿಲ್ತಾರೆ" ಅಂತ ನಾನು ಯಾವಾಗಲೂ ಹೊಗಳುವಾಕೆ. ಹತ್ತಿರ ಹೋಗಿ ನಿಂತು ನೋಡಿದೆ. ದವಡೆ ಕಚ್ಚಿದ್ದರು, ಕತ್ತಿನ ನರ ಎದ್ದಿತ್ತು, ಹೊಟ್ಟೆ ಅಲ್ಲಾಡುತ್ತಿರಲಿಲ್ಲ. ಉಸಿರೇ ಕಟ್ಟಿಕೊಂಡಿದ್ದರು. "ಚಲೇ ವಾತೇ ಚಲಂ ಚಿತ್ತಂ", ಉಸಿರು ಚಲಿಸಿದರೆ ಮನಸ್ಸೂ ಚಲಿಸುತ್ತದೆ ಅಂತ ಹಠಯೋಗ ಪ್ರದೀಪಿಕೆಯಲ್ಲಿ ಬರುವ ಸಾಲನ್ನು ನಾನು ಎಷ್ಟು ಸಲ ಹೇಳಿದ್ದೇನೋ. ಆಕೆ ಪಾಪ ಅದನ್ನು ತಿರುಗಿಸಿ ಅರ್ಥ ಮಾಡಿಕೊಂಡು ಉಸಿರನ್ನೇ ಹಿಡಿದಿಟ್ಟಿದ್ದರೋ ಏನೋ.

ಆಮೇಲೆ ಹಿಂದಿನ ಸಾಲಿನ ಸರ್. ಅರವತ್ತು ದಾಟಿದವರು, ಎರಡು ವರ್ಷದಿಂದ ಒಂದು ದಿನವೂ ತಪ್ಪಿಸದವರು. ಅವತ್ತು ಅವರಿಗೆ ಏನೂ ತಿಳಿಯುತ್ತಿರಲಿಲ್ಲ. ಎಲ್ಲರೂ ಕೂತಮೇಲೂ ನಿಂತೇ ಇದ್ದರು, ಪಕ್ಕದವರನ್ನು ನೋಡಿ ಕೂತರೆ ಅಷ್ಟರಲ್ಲಿ ಇವರೆಲ್ಲ ಮಲಗಿದ್ದರು. ನಾನು ಎರಡು ಸಲ ಹೇಳಿದೆ. ಮೂರನೇ ಸಲ ದನಿ ಏರಿತು. "ಸರ್, ಸ್ವಲ್ಪ ಈ ಕಡೆ ಗಮನ ಕೊಡಿ!" ಅವರು ನಕ್ಕು ತಲೆಯಾಡಿಸಿದರು, ಮತ್ತೆ ತಪ್ಪು ಮಾಡಿದರು.

ಕ್ಲಾಸ್ ಮುಗಿದು ಎಲ್ಲರೂ ಹೋದಮೇಲೆ ಚಾಪೆ ಸುತ್ತಿಕೊಂಡು ಹತ್ತಿರ ಬಂದರು. "ಮೇಡಂ, ನನಗೆ ಎಡಗಿವಿ ಕೇಳಲ್ಲ. ಬಲಗಿವಿ ಹತ್ತಿರ ಇದ್ದರೆ ಕೇಳುತ್ತೆ. ನಿಮ್ಮನ್ನ ನೋಡಿಕೊಂಡೇ ಮಾಡ್ತಿದ್ದೆ. ಇನ್ಮೇಲೆ ತೋರಿಸೋದೇ ಇಲ್ವಾ?"

ನನಗೆ ಏನು ಹೇಳಬೇಕೋ ತೋಚಲಿಲ್ಲ. ಹಾಗಾದರೆ ಶವಾಸನ ಹೇಗೆ ಮಾಡ್ತಿದ್ರಿ ಸರ್ ಅಂತ ಕೇಳಿದೆ. ಯಾಕೆಂದರೆ ಶವಾಸನದಲ್ಲಿ ನಾನು ಬೇಕಂತಲೇ ದನಿ ತಗ್ಗಿಸಿ, ಪಾದ ಸಡಿಲ, ಮೀನಖಂಡ ಸಡಿಲ ಅಂತ ಜೇನು ಸುರಿದ ಹಾಗೆ ಹೇಳುತ್ತೇನೆ, ಅದೇ ನನ್ನ ಹೆಗ್ಗಳಿಕೆ ಅಂತ ನನ್ನ ನಂಬಿಕೆ. "ಒಂದು ಕಣ್ಣು ಸ್ವಲ್ಪ ತೆರೆದಿಟ್ಟುಕೊಂಡಿರ್ತೀನಿ ಮೇಡಂ. ಇಲ್ಲಾಂದ್ರೆ ಎಲ್ಲರೂ ಎದ್ದಿದ್ದು ಗೊತ್ತಾಗಲ್ವಲ್ಲ."

ಎರಡು ವರ್ಷ. ಕಣ್ಣು ಮುಚ್ಚಿ ಅಂತ ಅವರಿಗೇ ಎಷ್ಟು ಸಲ ಹೇಳಿದ್ದೆ. ಆ ಮಾತೂ ಅವರಿಗೆ ಕೇಳಿಸಿರಲಿಲ್ಲ.

ಅವತ್ತು ರಾತ್ರಿ ಪತಂಜಲಿಯ ಯೋಗಸೂತ್ರ ತೆಗೆದೆ. 195 ಸೂತ್ರಗಳಲ್ಲಿ (196 ಅಂತ ಎಣಿಸುವವರೂ ಇದ್ದಾರೆ) ಆಸನದ ಬಗ್ಗೆ ನೇರವಾಗಿ ಇರುವುದು ಮೂರೇ. ಮೊದಲನೆಯದು ಎಲ್ಲರಿಗೂ ಬಾಯಿಪಾಠ: ಸ್ಥಿರಸುಖಮಾಸನಮ್. ಎರಡನೆಯದು ಪ್ರಯತ್ನಶೈಥಿಲ್ಯ, ಅಂದರೆ ಪ್ರಯತ್ನವನ್ನು ಸಡಿಲಿಸುವುದು ಅಂತ ಶುರುವಾಗುತ್ತದೆ. ಆ ಸೂತ್ರವನ್ನು ನಾನು ಬೆವರು ಸುರಿಸುತ್ತಾ ಹೇಳಿಕೊಟ್ಟಿದ್ದೇನೆ. ಮೊದಲ ಪಾದದಲ್ಲಿ, ಅಂದರೆ ಮೊದಲ ಅಧ್ಯಾಯದಲ್ಲಿ, ಯೋಗಕ್ಕೆ ಬರುವ ಒಂಬತ್ತು ಅಡ್ಡಿಗಳ ಪಟ್ಟಿ ಬರುತ್ತದಲ್ಲ, ಅದನ್ನು ಲ್ಯಾಬ್ ರಿಪೋರ್ಟ್ ಓದಿದ ಹಾಗೆ ಓದಿದೆ. ವ್ಯಾಧಿ, ಸರಿ, ಕೂತರೇ ಗೊತ್ತಾಗುತ್ತಿತ್ತು. ಪ್ರಮಾದ, ಮೈ ಬಿಸಿ ಮಾಡಿಕೊಳ್ಳದ ಆ ಬೆಳಗ್ಗೆ. ಭ್ರಾಂತಿದರ್ಶನ, ಗದ್ದ ಮುಂದಕ್ಕೆ ಹೋದಷ್ಟೂ ಯೋಗ ಮುಂದಕ್ಕೆ ಹೋಯಿತು ಅಂದುಕೊಂಡಿದ್ದು. ಕೊನೆಯದು ಅನವಸ್ಥಿತತ್ವ, ತಲುಪಿದ ಜಾಗದಲ್ಲಿ ನಿಲ್ಲಲಾಗದೆ ಇರುವುದು. ಅಲ್ಲಿಗೆ ಬರುವಷ್ಟರಲ್ಲಿ ಪುಸ್ತಕ ಮುಚ್ಚಿದೆ. ದಿಂಬಿನ ಮೇಲೆ ಕೂತಿದ್ದರೂ ಎಡಗಡೆ ಉರಿಯುತ್ತಿತ್ತು.

ಮಾರನೇ ದಿನ ಎಲ್ಲರ ಎದುರು ನಿಜ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಮೂರು ಜನ ಒಬ್ಬರಾದ ಮೇಲೆ ಒಬ್ಬರು, ತಮಗೂ ಅದೇ ಜಾಗದಲ್ಲಿ ನೋವಿದೆ ಅಂದರು. ಅದರಲ್ಲಿ ಒಬ್ಬರಿಗೆ ಆರು ತಿಂಗಳಿಂದ. ಯಾಕೆ ಹೇಳಲಿಲ್ಲ ಅಂದರೆ, "ನೀವು ಅಷ್ಟು ಸುಲಭವಾಗಿ ಹೋಗ್ತಿದ್ರಲ್ಲ, ನಮ್ಮದೇ ತಪ್ಪು ಅಂದುಕೊಂಡ್ವಿ."

ಸರ್ ಅವರನ್ನು ಮುಂದೆ ಕರೆದು ನನ್ನ ಎಡಕ್ಕೆ ನಿಲ್ಲಿಸಿಕೊಂಡೆ. ಆಗ ಅವರ ಬಲಗಿವಿ ನನ್ನ ಕಡೆ ಇರುತ್ತದೆ. ನಾನು ಹೇಳುವುದು, ಅವರು ಮಾಡುವುದು, ಮಿಕ್ಕವರು ಅವರನ್ನು ನೋಡುವುದು. ಎಡ ಬಲದ ಗೋಜಲು ಮತ್ತೆ ಶುರುವಾಯಿತು. ಅವರು ನಿಜವಾಗಿಯೂ ಬಲಗಾಲು ಚಾಚುತ್ತಾರೆ, ಎದುರಿನವರು ಎಡಗಾಲು ಚಾಚುತ್ತಾರೆ. ನಾನು ಸರಿಪಡಿಸಲು ಹೋದರೆ, "ಯಾವುದು ಮೊದಲಾದರೇನು ಮೇಡಂ, ಎರಡೂ ಮಾಡ್ತೀವಲ್ಲ" ಅಂದರು. ಅದೂ ಹೌದು. ಜಾನುಶೀರ್ಷಾಸನದಲ್ಲಿ ಅವರ ಮಂಡಿ ಪೂರ್ತಿ ನೆಟ್ಟಗಾಗುವುದಿಲ್ಲ, ಒಂದು ಗೇಣು ಮೇಲೆ ಇರುತ್ತದೆ. ಅವರನ್ನು ನೋಡಿ ಇಡೀ ಕ್ಲಾಸಿನ ಮಂಡಿಗಳು ಮಡಚಿಕೊಂಡವು. ಎರಡನೇ ಸಾಲಿನಾಕೆಯ ಹೊಟ್ಟೆ ಮೆಲ್ಲಗೆ ಮೇಲೆ ಕೆಳಗೆ ಆಡುತ್ತಿತ್ತು.

ಶವಾಸನಕ್ಕೆ ಮೊದಲು ಅವರ ಬಲಗಿವಿಗೆ ಬಗ್ಗಿ, ಮಂಡಿ ಮಡಚಿಯೇ ಬಗ್ಗಿ, "ಮುಗಿದಮೇಲೆ ಕಾಲ್ಬೆರಳು ಮುಟ್ಟಿ ಎಬ್ಬಿಸ್ತೀನಿ ಸರ್" ಅಂದೆ. ಅವರು ಎರಡೂ ಕಣ್ಣು ಮುಚ್ಚಿದರು. ನಾನು ಪಾದ ಸಡಿಲ, ಮೀನಖಂಡ ಸಡಿಲ ಅಂತ ಶುರು ಮಾಡಿ ತೊಡೆಗೆ ಬರುವಷ್ಟರಲ್ಲಿ ಗೊರಕೆ ಕೇಳಿಸಿತು. ಅಕ್ಕಪಕ್ಕದವರು ತಡೆಯಲಾರದೆ ನಕ್ಕುಬಿಟ್ಟರು. ಅವರಿಗೆ ಕೇಳಿಸಲಿಲ್ಲ. ಅವತ್ತು ಕ್ಲಾಸ್ ಐದು ನಿಮಿಷ ಲೇಟಾಗಿ ಬಿಟ್ಟೆ.